ಕಣ್ಣು ಮುಚ್ಚಿದರೂ ಕಾಲು ಎಲ್ಲಿದೆ ಅಂತ ಗೊತ್ತಿರಬೇಕು: ಮಕ್ಕಳ ಆಟ ಮತ್ತು ಮೈಯರಿವು

ಮುಂಬೈ, ಪುಣೆಯಲ್ಲಿ ನರ್ಸರಿ, ಕೆಜಿಗೆ ಹೋಗುವ ಮಕ್ಕಳ ಅಪ್ಪ-ಅಮ್ಮಂದಿರು ಈಚೆಗೆ ಒಂದು ಹೊಸ ಮಾತು ಕೇಳುತ್ತಿದ್ದಾರೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ಹೇಳುತ್ತಾರೆ: "ಮಗುವಿಗೆ ಬಾಡಿ ಅವೇರ್‌ನೆಸ್ ಸ್ವಲ್ಪ ಕಡಿಮೆ ಇದೆ. ಮನೆಯಲ್ಲಿ ಆ್ಯಕ್ಟಿವಿಟಿ ಮಾಡಿಸಿ." ಏನು ಕಡಿಮೆ, ಯಾವ ಆ್ಯಕ್ಟಿವಿಟಿ, ಇದೇನು ಕಾಯಿಲೆಯಾ ಅಂತ ಕೇಳುವಷ್ಟರಲ್ಲಿ ಮುಂದಿನವರ ಸರದಿ ಬಂದಿರುತ್ತದೆ. ಆಮೇಲೆ ಶುರುವಾಗುವುದು ಗಾಬರಿ. ಡೊಂಬಿವಲಿಯಿಂದ ಊರಿನ ಅಜ್ಜಿಗೆ ಫೋನ್ ಹೋಗುತ್ತದೆ. "ಮಗು ಚೆನ್ನಾಗೇ ಓಡಾಡ್ತಿದೆಯಲ್ಲ, ಏನಂತೆ ಅದಕ್ಕೆ?" ಅಂತ ಅಜ್ಜಿ ಕೇಳುತ್ತಾರೆ. ಉತ್ತರ ಹೇಳಲು ಅಮ್ಮನಿಗೂ ಗೊತ್ತಿರುವುದಿಲ್ಲ.

ಈ ಮಾತು ಶಾಲೆಗಳಲ್ಲಿ ಜಾಸ್ತಿ ಕೇಳಿಬರಲು ಒಂದು ಕಾರಣ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ, 2022ರಲ್ಲಿ 3ರಿಂದ 8 ವರ್ಷದ ಮಕ್ಕಳಿಗಾಗಿ ಪಠ್ಯಕ್ರಮದ ಹೊಸ ಚೌಕಟ್ಟು ಬಂತು. ಅದರಲ್ಲಿ ದೇಹದ ಬೆಳವಣಿಗೆಗೂ ಓದು-ಲೆಕ್ಕದ ಸಾಲಿನಲ್ಲೇ ಜಾಗ ಇದೆ. ಇಂದ್ರಿಯಗಳು ಚುರುಕಾಗಬೇಕು, ಮೈ ಗಟ್ಟಿಯಾಗಿ ಬಳುಕುವಂತಿರಬೇಕು ಎಂಬುದನ್ನು ಕಲಿಕೆಯ ಗುರಿಗಳಾಗಿಯೇ ಬರೆದಿದ್ದಾರೆ. ಹಾಗಾಗಿ ಮಗುವಿನ ನಡೆ, ಜಿಗಿತ, ಸಮತೋಲ ತಪ್ಪುವುದು, ಇವೆಲ್ಲ ಪ್ರಗತಿ ಪತ್ರಕ್ಕೂ ಬರುತ್ತಿವೆ. ಇದು ಒಳ್ಳೆಯದೇ. ಆದರೆ ಪದ ಮಾತ್ರ ಮನೆಗೆ ಬಂದು ಅರ್ಥ ಶಾಲೆಯಲ್ಲೇ ಉಳಿದರೆ ಪೋಷಕರಿಗೆ ಸಿಗುವುದು ಚಿಂತೆ ಮಾತ್ರ.

ಈ ಲೇಖನದಲ್ಲಿ ಬಾಡಿ ಅವೇರ್‌ನೆಸ್‌ಗೆ ಮೈಯರಿವು ಅಂತ ಹೇಳೋಣ.

ಮೈಯರಿವು ಅಂದರೆ ಏನು

ಒಮ್ಮೆ ಕಣ್ಣು ಮುಚ್ಚಿ ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಿ. ಮುಟ್ಟಿದಿರಿ ಅಲ್ವಾ? ಬೆರಳನ್ನು ನೀವು ನೋಡಲಿಲ್ಲ. ಮೂಗಂತೂ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಆದರೂ ಕೈ ಎಷ್ಟು ಮಡಚಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಯಿತು. ನಮ್ಮ ಕೈಕಾಲು ಎಲ್ಲಿವೆ, ಯಾವ ಕಡೆ ತಿರುಗಿವೆ, ಎಷ್ಟು ಬಲ ಹಾಕುತ್ತಿವೆ ಅಂತ ನೋಡದೆ ತಿಳಿಯುವ ಈ ಶಕ್ತಿಯೇ ಮೈಯರಿವಿನ ತಳಪಾಯ. ವಿಜ್ಞಾನದಲ್ಲಿ ಇದಕ್ಕೆ ಪ್ರೊಪ್ರಿಯೋಸೆಪ್ಷನ್ ಅನ್ನುತ್ತಾರೆ. ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ನರಕೋಶಗಳ ಕೆಲಸ ಕುರಿತ ಸಂಶೋಧನೆಗೆ 1932ರಲ್ಲಿ ಅವರಿಗೆ ನೊಬೆಲ್ ಬಂತು.

ಈ ಸುದ್ದಿ ಮಿದುಳಿಗೆ ಎಲ್ಲಿಂದ ಹೋಗುತ್ತದೆ? ನಮ್ಮ ಸ್ನಾಯುಗಳ ಒಳಗೆ ಕದಿರಿನ ಆಕಾರದ ಪುಟ್ಟ ಅಂಗಗಳಿವೆ. ಸ್ನಾಯು ಹಿಗ್ಗಿದಾಗ ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಅಂತ ಅವು ನರಗಳ ಮೂಲಕ ತಿಳಿಸುತ್ತವೆ. ಸ್ನಾಯು ಮೂಳೆಗೆ ಅಂಟುವ ಜಾಗದಲ್ಲಿ ಇನ್ನೊಂದು ಬಗೆಯ ಅಂಗಗಳಿವೆ. ಎಳೆತ ಎಷ್ಟಿದೆ ಅಂತ ಹೇಳುವುದು ಅವುಗಳ ಕೆಲಸ. ಕೀಲುಗಳಿಂದ, ಚರ್ಮದಿಂದ ಬರುವ ಸುದ್ದಿಯೂ ಇದಕ್ಕೆ ಸೇರುತ್ತದೆ. ಈ ಎಳೆತ ನರದ ಸಂಕೇತವಾಗಿ ಬದಲಾಗುವುದು ಹೇಗೆ ಎಂಬುದು ಬಹಳ ಕಾಲ ಬಿಡಿಸದ ಒಗಟಾಗಿತ್ತು. ಪಿಯೆಜೊ2 ಎಂಬ ಪ್ರೊಟೀನ್ ಆ ಕೆಲಸ ಮಾಡುತ್ತದೆ ಅಂತ ಈಗ ಗೊತ್ತಾಗಿದೆ. ಆ ದಾರಿ ತೋರಿಸಿದ ಆರ್ಡೆಮ್ ಪಟಪೌಟಿಯನ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅಂದರೆ ನಾವು ಮಾತಾಡುತ್ತಿರುವುದು ಶಾಲೆಯವರು ಹುಟ್ಟುಹಾಕಿದ ಹೊಸ ಫ್ಯಾಷನ್ ಅಲ್ಲ. ಕಣ್ಣು, ಕಿವಿಯ ಹಾಗೆ ಇದೂ ಒಂದು ಇಂದ್ರಿಯ. ಹೊರಗೆ ಕಾಣುವುದಿಲ್ಲ, ಅಷ್ಟೇ.

ಇದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. 1971ರಲ್ಲಿ 19 ವರ್ಷದ ಬ್ರಿಟಿಷ್ ಯುವಕನೊಬ್ಬ ಜ್ವರದಂಥ ಕಾಯಿಲೆಯ ನಂತರ ಕುತ್ತಿಗೆಯಿಂದ ಕೆಳಗೆ ಈ ಅರಿವನ್ನು ಪೂರ್ತಿ ಕಳೆದುಕೊಂಡ. ಸ್ನಾಯುಗಳಲ್ಲಿ ಶಕ್ತಿ ಇತ್ತು, ಆದರೆ ಎದ್ದು ಕೂರಲೂ ಆಗುತ್ತಿರಲಿಲ್ಲ. ತಿಂಗಳುಗಟ್ಟಲೆ ಹೆಣಗಾಡಿ, ಒಂದೊಂದು ಅಂಗವನ್ನೂ ಕಣ್ಣಿನಿಂದ ನೋಡುತ್ತಾ ಚಲಿಸಲು ಕಲಿತ. ದೀಪ ಆರಿದರೆ ನಿಂತಲ್ಲೇ ಕುಸಿಯುತ್ತಿದ್ದ.

ನಮಗೆ ಹಾಗಲ್ಲ. ವರ್ಷಗಟ್ಟಲೆ ಇದ್ದ ಮನೆಯಲ್ಲಿ ಕರೆಂಟ್ ಹೋದರೆ ಏನು ಮಾಡುತ್ತೇವೆ? ಕತ್ತಲಲ್ಲೇ ನಡೆದು ಹೋಗಿ ಗೂಡಿನಲ್ಲಿದ್ದ ಬೆಂಕಿಪೊಟ್ಟಣ ತೆಗೆಯುತ್ತೇವೆ. ಯಾಕೆಂದರೆ ಮನೆಯ ನಕ್ಷೆ ತಲೆಯಲ್ಲಿದೆ. ನಿನ್ನೆ ಬಾಡಿಗೆಗೆ ಬಂದವರು ಮಂಚದ ಕಾಲಿಗೆ ಎಡವುತ್ತಾರೆ. ಮೈಯೂ ಅಂಥ ಒಂದು ಮನೆ. ಮಕ್ಕಳು ಅದಕ್ಕೆ ಈಗಷ್ಟೇ ಬಂದಿದ್ದಾರೆ.

ಕಿವಿಯ ಒಳಗಿನ ತಕ್ಕಡಿ

ಮೈಯರಿವಿಗೆ ಇನ್ನೊಂದು ಇಂದ್ರಿಯದ ಜೊತೆ ಬೇಕು. ಅದು ಒಳಕಿವಿಯಲ್ಲಿದೆ. ಎರಡೂ ಕಡೆ ಮೂರು ಮೂರು ಅರೆವೃತ್ತದ ನಾಳಗಳು, ಅವುಗಳಲ್ಲಿ ದ್ರವ. ತಲೆ ತಿರುಗಿದಾಗ ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ. ಅದನ್ನು ಅಲ್ಲಿನ ಸೂಕ್ಷ್ಮ ಕೂದಲುಗಳು ಗುರುತಿಸುತ್ತವೆ. ಪಕ್ಕದಲ್ಲಿ ಇನ್ನೆರಡು ಪುಟ್ಟ ಚೀಲಗಳಿವೆ. ಅವುಗಳಲ್ಲಿರುವ ಸುಣ್ಣದ ಸಣ್ಣ ಹರಳುಗಳು ತಲೆ ಯಾವ ಕಡೆ ವಾಲಿದೆ, ಮೇಲೆ ಹೋಗುತ್ತಿದ್ದೇವಾ ಕೆಳಗಾ ಅಂತ ತಿಳಿಸುತ್ತವೆ.

ಲೋಕಲ್ ಟ್ರೇನಿನಲ್ಲಿ ನಿಂತು ಹೋಗುವವರನ್ನು ನೋಡಿ. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಬ್ಯಾಗ್, ಕಣ್ಣು ಸ್ಕ್ರೀನಿನ ಮೇಲೆ. ಗಾಡಿ ಕುರ್ಲಾ ದಾಟಿ ಹಳಿ ಬದಲಿಸುವಾಗ ಡಬ್ಬಿ ಪಕ್ಕಕ್ಕೆ ಎಳೆಯುತ್ತದೆ. ಅವರ ಒಂದು ಮೊಣಕಾಲು ಸ್ವಲ್ಪ ಮಡಚುತ್ತದೆ, ಸೊಂಟ ಆ ಕಡೆ ವಾಲುತ್ತದೆ. ಓದುವುದು ನಿಲ್ಲುವುದಿಲ್ಲ. ಒಳಕಿವಿ ಹೇಳಿದ್ದನ್ನೂ ಕಾಲಿನ ಸ್ನಾಯು ಹೇಳಿದ್ದನ್ನೂ ಮಿದುಳು ಕೂಡಿಸಿ, ಉತ್ತರ ಕಳಿಸಿ ಮುಗಿಸಿರುತ್ತದೆ. ಅದೇ ಡಬ್ಬಿಯಲ್ಲಿ ನಿಂತ ನಾಲ್ಕು ವರ್ಷದ ಮಗು ಅಮ್ಮನ ಸೀರೆ ಹಿಡಿದೇ ನಿಲ್ಲಬೇಕು. ಅದರ ಲೆಕ್ಕ ಇನ್ನೂ ಇಷ್ಟು ವೇಗವಾಗಿಲ್ಲ.

ಹಸಿವು, ಬಾಯಾರಿಕೆ, ಮೂತ್ರ ಬಂದದ್ದು, ಎದೆ ಡವಗುಟ್ಟುವುದು, ಇವನ್ನು ಗುರುತಿಸುವ ಒಳಗಿನ ಅರಿವು ಇನ್ನೊಂದು ಬಗೆ. ಅದೂ ಮೈಯರಿವೇ. ಆದರೆ ಈ ಲೇಖನದ ವಿಷಯ ಓಡಾಟದ ಆಟಗಳು, ಆದ್ದರಿಂದ ಅದನ್ನು ಇಲ್ಲಿಗೆ ಬಿಡುತ್ತೇನೆ.

ಇದು ಹುಟ್ಟುವಾಗಲೇ ಬರುವುದಿಲ್ಲವಾ?

ಅಂಗಗಳು ಹುಟ್ಟಿನಿಂದಲೇ ಇರುತ್ತವೆ. ನಕ್ಷೆ ಮಾತ್ರ ನಿಧಾನವಾಗಿ ಮೂಡುತ್ತದೆ. ಒಂದೂವರೆ ವರ್ಷದ ಮಗುವನ್ನು ಚಾಪೆಯ ಮೇಲೆ ನಿಲ್ಲಿಸಿ, ಅದೇ ಚಾಪೆ ಕೊಡು ಅಂತ ಕೇಳಿ. ಬಗ್ಗಿ ಎಳೆಯುತ್ತದೆ. ಬರುವುದಿಲ್ಲ. ಮತ್ತೆ ಎಳೆಯುತ್ತದೆ. ಅಡ್ಡ ಬರುತ್ತಿರುವುದು ತನ್ನದೇ ಮೈ ಅಂತ ಅದಕ್ಕೆ ತಕ್ಷಣ ಹೊಳೆಯುವುದಿಲ್ಲ. ಮಕ್ಕಳ ಮನಶ್ಶಾಸ್ತ್ರಜ್ಞರು ಇಂಥ ಪ್ರಯೋಗ ಮಾಡಿ ನೋಡಿದ್ದಾರೆ. ಸುಮಾರು ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳು ಕೆಲವೊಮ್ಮೆ ಅಂಗೈಯಷ್ಟಿರುವ ಆಟಿಕೆ ಕಾರಿನೊಳಗೆ ಕಾಲಿಟ್ಟು ಕೂರಲು ಹೋಗುತ್ತವೆ ಎಂಬುದನ್ನೂ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮಗು ತಮಾಷೆ ಮಾಡುತ್ತಿರುವುದಿಲ್ಲ, ನಿಜವಾಗಿಯೂ ಪ್ರಯತ್ನಿಸುತ್ತಿರುತ್ತದೆ. ತಾನು ಎಷ್ಟು ದೊಡ್ಡವನು ಎಂಬ ಲೆಕ್ಕ ಇನ್ನೂ ಕೂಡಿ ಬಂದಿರುವುದಿಲ್ಲ.

ಜೊತೆಗೆ ಮೈ ಬೆಳೆಯುತ್ತಲೇ ಇರುತ್ತದೆ. ಹೋದ ವರ್ಷ ಮೇಜಿನ ಕೆಳಗೆ ತಲೆ ತಗ್ಗಿಸದೆ ಹೋಗುತ್ತಿದ್ದ ಮಗು ಈ ವರ್ಷ ಹಣೆ ತಾಗಿಸಿಕೊಳ್ಳುತ್ತದೆ. ನಕ್ಷೆಯನ್ನು ಮತ್ತೆ ಮತ್ತೆ ತಿದ್ದಬೇಕು. ಹದಿಹರೆಯದಲ್ಲಿ ಮಕ್ಕಳು ಇದ್ದಕ್ಕಿದ್ದಂತೆ ಉದ್ದವಾಗುವಾಗ ಲೋಟ ಬೀಳಿಸುವುದು, ಬಾಗಿಲಿಗೆ ಭುಜ ತಾಗಿಸುವುದು ಜಾಸ್ತಿಯಾಗುವುದಕ್ಕೆ ಇದೂ ಒಂದು ಕಾರಣ.

ನಕ್ಷೆ ತಿದ್ದುವುದು ಹೇಗೆ? ಚಲಿಸಿ. ಮುಖ್ಯವಾಗಿ, ತಾನಾಗಿ ಚಲಿಸಿ. ಈ ಮಾತಿಗೆ ಆಧಾರವಾಗಿ ಒಂದು ಹಳೆಯ ಪ್ರಯೋಗ ಇದೆ. 1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಆಲನ್ ಹೈನ್ ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ ಒಂದು ತಿರುಗುವ ಯಂತ್ರಕ್ಕೆ ಕಟ್ಟಿದರು. ಒಂದು ಮರಿ ತನ್ನ ಕಾಲಿನಿಂದ ನಡೆಯುತ್ತಿತ್ತು. ಇನ್ನೊಂದು ಬುಟ್ಟಿಯಲ್ಲಿ ಕೂತು, ಮೊದಲನೆಯದು ಹೋದ ಕಡೆ ಹೋಗುತ್ತಿತ್ತು. ಎರಡರ ಕಣ್ಣಿಗೂ ಕಂಡ ನೋಟ ಒಂದೇ. ಆದರೆ ಆಮೇಲೆ ಮೇಜಿನ ಅಂಚಿನ ಹತ್ತಿರ ಇಳಿಸಿದಾಗ ನಡೆದ ಮರಿ ಪಂಜ ಚಾಚಿತು, ಆಳ ಕಂಡಲ್ಲಿ ಹಿಂದೆ ಸರಿಯಿತು. ಬುಟ್ಟಿಯಲ್ಲಿ ಕೂತ ಮರಿಗೆ ಅದು ಬರಲಿಲ್ಲ. ಬೆಳಕಿನಲ್ಲಿ ಸುಮ್ನೆ ಓಡಾಡಲು ಬಿಟ್ಟ ಕೆಲವೇ ದಿನಗಳಲ್ಲಿ ಅದೂ ಕಲಿಯಿತು.

ಬೆಕ್ಕಿನ ಮರಿಗೂ ಮನುಷ್ಯರ ಮಗುವಿಗೂ ವ್ಯತ್ಯಾಸ ಇದೆ, ನಿಜ. ಆದರೆ ಮಕ್ಕಳೊಂದಿಗೆ ಕೆಲಸ ಮಾಡುವವರು ಈ ಪ್ರಯೋಗವನ್ನು ಇಂದಿಗೂ ನೆನೆಯಲು ಕಾರಣ ಇದೆ. ಎತ್ತಿಕೊಂಡು ಹೋದ ಮಗು, ಸ್ಟ್ರಾಲರಿನಲ್ಲಿ ಕೂರಿಸಿದ ಮಗು ಬಹಳಷ್ಟು ನೋಡುತ್ತದೆ, ಆದರೆ ಮೈ ಬಳಸುವುದಿಲ್ಲ. ಚಕ್ರದ ಚೌಕಟ್ಟಿನಲ್ಲಿ ಕೂರಿಸಿ ಓಡಾಡಿಸುವ ಬೇಬಿ ವಾಕರ್ ಅಂತೂ ಬೇಡವೇ ಬೇಡ. ಅದರಿಂದ ಮಗು ಬೇಗ ನಡೆಯುವುದಿಲ್ಲ, ಉರುಳಿ ಬಿದ್ದು ತಲೆಗೆ ಪೆಟ್ಟಾಗುವ ಅಪಾಯವೂ ಇದೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದೆ.

ಯಾವ ಆಟ ಏನು ಕಲಿಸುತ್ತದೆ

ಥೆರಪಿ ಮಾಡುವವರು ಹೆಚ್ಚಾಗಿ ಹೇಳುವುದು ಬಲ ಹಾಕುವ ಆಟಗಳನ್ನು. ತಳ್ಳುವುದು, ಎಳೆಯುವುದು, ಹೊರುವುದು. ಕಾರಣ ಸರಳ. ಸ್ನಾಯು ಮತ್ತು ಕೀಲಿನ ಮೇಲೆ ಭಾರ ಬಿದ್ದಾಗ ಅಲ್ಲಿನ ಅಂಗಗಳು ಹೆಚ್ಚು ಸುದ್ದಿ ಕಳಿಸುತ್ತವೆ. ಆಗ ನಕ್ಷೆಯ ಗೆರೆಗಳು ಸ್ಪಷ್ಟವಾಗುತ್ತವೆ. ಇದಕ್ಕೆ ಯಾವ ಸಾಮಾನೂ ಕೊಳ್ಳಬೇಕಿಲ್ಲ. ಅಕ್ಕ ತಮ್ಮನನ್ನು ಬೆನ್ನ ಮೇಲೆ ಹೊರುವ ಉಪ್ಪುಮೂಟೆ ಸಾಕು. ಹೊತ್ತವಳಿಗೆ ಭಾರದ ಅಂದಾಜು ಬರುತ್ತದೆ, ಕೂತವನು ಕೈಕಾಲು ಬಿಗಿಹಿಡಿದು ತೂಕ ಸರಿಮಾಡಿಕೊಳ್ಳುತ್ತಾನೆ. ಹಗ್ಗಜಗ್ಗಾಟ, ಚಪಾತಿ ಹಿಟ್ಟು ನಾದುವುದು, ಅರ್ಧ ಬಕೆಟ್ ನೀರು ಬಚ್ಚಲಿನಿಂದ ಗಿಡಕ್ಕೆ ಹೊರುವುದು, ರಾತ್ರಿ ಹಾಸಿಗೆ ಎಳೆದು ಹಾಸುವುದು ಎಲ್ಲವೂ ಇದೇ ಸಾಲಿಗೆ ಬರುತ್ತವೆ. "ಗೋಡೆ ಬೀಳುತ್ತಿದೆ, ಬಾ ತಳ್ಳೋಣ" ಅಂತ ಇಬ್ಬರೂ ಗೋಡೆಗೆ ಅಂಗೈ ಒತ್ತಿ ಹತ್ತು ಎಣಿಸಿ ನೋಡಿ. ಮಕ್ಕಳಿಗೆ ಇದು ಎಷ್ಟು ಇಷ್ಟ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

ಕುಂಟೆಬಿಲ್ಲೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅದರಲ್ಲಿ ಅಡಗಿರುವಷ್ಟು ಕೆಲಸ ಬೇರೆ ಆಟದಲ್ಲಿ ಕಡಿಮೆ. ಬಿಲ್ಲೆ ಎಸೆಯುವಾಗ ಬಲದ ಅಂದಾಜು. ಜಾಸ್ತಿಯಾದರೆ ಮುಂದಿನ ಮನೆಗೆ, ಕಡಿಮೆಯಾದರೆ ಗೆರೆಯ ಮೇಲೆ. ಆಮೇಲೆ ಒಂದೇ ಕಾಲಿನ ಮೇಲೆ ಕುಂಟು. ಇಡೀ ಮೈಯ ತೂಕ ಒಂದು ಪಾದದ ಮೇಲೆ, ಕಣಕಾಲಿನ ಪುಟ್ಟ ಸ್ನಾಯುಗಳು ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತವೆ. ಗೆರೆ ತುಳಿಯಬಾರದು, ಅಂದರೆ ತನ್ನ ಪಾದದ ಅಳತೆ ಗೊತ್ತಿರಬೇಕು. ಬಿಲ್ಲೆ ಎತ್ತಲು ಒಂಟಿಕಾಲಿನಲ್ಲೇ ಬಗ್ಗಬೇಕು. ಆಗ ತಲೆ ಕೆಳಗಾಗಿ ಒಳಕಿವಿಗೂ ಕೆಲಸ ಬರುತ್ತದೆ. ಕೊನೆಯಲ್ಲಿ ಜಿಗಿದು ತಿರುಗುವುದು. ಒಂಟಿಕಾಲಿನಲ್ಲಿ ಕುಂಟುವುದು ಸಾಮಾನ್ಯವಾಗಿ ನಾಲ್ಕು-ಐದು ವರ್ಷದ ಹೊತ್ತಿಗೆ ಬರುತ್ತದೆ. ಅದಕ್ಕಿಂತ ಚಿಕ್ಕವರಿಗೆ ಎರಡೂ ಕಾಲಿನಲ್ಲಿ ಜಿಗಿಯಲು ಬಿಡಿ, ಮನೆಗಳನ್ನು ದೊಡ್ಡದಾಗಿ ಬರೆಯಿರಿ. ಮಹಾರಾಷ್ಟ್ರದ ಮಕ್ಕಳಿಗೆ ಲಂಗಡಿ ಗೊತ್ತು, ಕುಂಟುತ್ತಾ ಹಿಡಿಯುವ ಆಟ. ಬಿಲ್ಡಿಂಗಿನ ಮರಾಠಿ ಗೆಳೆಯರೊಂದಿಗೆ ಅದನ್ನು ಆಡಿದ ಮಗುವಿಗೆ ಕುಂಟೆಬಿಲ್ಲೆ ಅರ್ಧ ಬಂದ ಹಾಗೆಯೇ.

ಮೈಯನ್ನು ಓಡಿಸುವುದು ಒಂದು ಕಲೆ, ನಿಲ್ಲಿಸುವುದು ಇನ್ನೊಂದು. ಕೆರೆ-ದಡ ಆಟದಲ್ಲಿ ಹೇಳುವವರು "ಕೆರೆ" ಅಂದರೆ ಮುಂದೆ ಹಾರಬೇಕು, "ದಡ" ಅಂದರೆ ಹಿಂದೆ. ಎರಡು ಸಲ "ದಡ" ಅಂದಾಗ ಹಾರದೆ ನಿಲ್ಲುವುದೇ ಕಷ್ಟ. ಕಾಲು ಹೊರಟಿರುತ್ತದೆ, ಅದನ್ನು ತಡೆಯಬೇಕು. ಮುಂಬೈ ಮಕ್ಕಳ ವಿಷ-ಅಮೃತವೂ ಹೀಗೆಯೇ. ವಿಷ ಅಂತ ಮುಟ್ಟಿದ ಕೂಡಲೇ ಇದ್ದಲ್ಲೇ ಇದ್ದ ಹಾಗೆ ನಿಲ್ಲಬೇಕು, ಒಂದು ಕಾಲು ಗಾಳಿಯಲ್ಲಿದ್ದರೂ ಸರಿ. ತರಗತಿಯಲ್ಲಿ ಸದಾ ಪಕ್ಕದವರಿಗೆ ಡಿಕ್ಕಿ ಹೊಡೆಯುವ ಮಗುವಿಗೆ ಇಂಥ ಆಟ ಒಳ್ಳೆಯದು.

ಹತ್ತುವುದು, ನೇತಾಡುವುದು ಭುಜ ಮತ್ತು ಅಂಗೈಗೆ. ಪೆನ್ಸಿಲ್ ಹಿಡಿಯುವ ಬೆರಳು ಸ್ಥಿರವಾಗಿರಬೇಕಾದರೆ ಮೊದಲು ಭುಜ ಸ್ಥಿರವಾಗಿರಬೇಕು. ಊರಲ್ಲಿ ಮರಕೋತಿ ಆಟ ಇದನ್ನು ಮಾಡುತ್ತಿತ್ತು. ನಗರದಲ್ಲಿ ಮರ ಹತ್ತಲು ಬಿಡುವವರು ಕಡಿಮೆ, ಆದರೆ ಮಹಾರಾಷ್ಟ್ರದಲ್ಲಿರುವ ನಮಗೆ ಬೇರೊಂದು ಭಾಗ್ಯ ಇದೆ. ಮಲ್ಲಕಂಬ, ಅಂದರೆ ಕಂಬದ ಮೇಲೆ ಮಾಡುವ ಕಸರತ್ತು, ಈ ನೆಲದ್ದು. ಪೇಶ್ವೆ ಎರಡನೇ ಬಾಜಿರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ ಎಂಬ ಗುರು ಅದಕ್ಕೆ ಮರುಜೀವ ಕೊಟ್ಟರು ಎನ್ನುತ್ತದೆ ಇತಿಹಾಸ. ದಾದರಿನ ಶಿವಾಜಿ ಪಾರ್ಕಿನಲ್ಲಿರುವ ಸಮರ್ಥ ವ್ಯಾಯಾಮ ಮಂದಿರದಲ್ಲಿ ಪುಟ್ಟ ಮಕ್ಕಳು ಕಂಬ ಅಪ್ಪಿ ಹತ್ತುವುದನ್ನು ಕಾಣಬಹುದು. 2019ರಲ್ಲಿ ಮೊದಲ ವಿಶ್ವ ಮಲ್ಲಕಂಬ ಸ್ಪರ್ಧೆ ಅದೇ ಶಿವಾಜಿ ಪಾರ್ಕಿನಲ್ಲಿ ನಡೆಯಿತು. ಅಲ್ಲಿ ಕಲಿಸುವ ಉದಯ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಕಂಬವನ್ನು ತೊಡೆ, ಪಾದ, ಕಂಕುಳಿನಿಂದ ಹಿಡಿಯುವಾಗ ಮೈಯ ಯಾವ ಭಾಗ ಎಲ್ಲಿದೆ ಅಂತ ಮರೆಯುವ ಮಾತೇ ಇಲ್ಲ. ಸ್ಪರ್ಧೆಗೆ ಕಳಿಸಲೇಬೇಕು ಅಂತಲ್ಲ. ವಾರಕ್ಕೆ ಎರಡು ದಿನ ಹೋಗಿ ಬಂದರೂ ಲಾಭವೇ.

ಗಿರಗಿರ ತಿರುಗುವುದು ಒಳಕಿವಿಯ ಆಟ. ಗೋವಾ, ಕೊಂಕಣದ ಹೆಂಗಸರು ಗಣೇಶ ಚೌತಿಯಲ್ಲಿ ಕೈ ಕೈ ಹಿಡಿದು ಫುಗಡಿ ಹಾಕುತ್ತಾರೆ, ನಮ್ಮ ಉತ್ತರ ಕರ್ನಾಟಕದ ಹುಡುಗಿಯರಿಗೂ ಅದು ಹೊಸದಲ್ಲ. ತಿರುಗಿ ನಿಂತ ಮೇಲೂ ನೆಲ ತಿರುಗಿದ ಹಾಗೆ ಅನಿಸುವುದು ಯಾಕೆ ಅಂದರೆ, ನೀವು ನಿಂತರೂ ನಾಳದೊಳಗಿನ ದ್ರವ ಸ್ವಲ್ಪ ಹೊತ್ತು ಹರಿಯುತ್ತಲೇ ಇರುತ್ತದೆ. ಮಗು ತಾನಾಗಿ ಎಷ್ಟು ತಿರುಗುತ್ತದೋ ಅಷ್ಟು ಸಾಕು. ಮುಖ ಬಿಳಿಚಿದರೆ, ವಾಕರಿಕೆ ಬಂದರೆ ನಿಲ್ಲಿಸಿ. ಇಲ್ಲಿ ಒಂದು ಎಚ್ಚರಿಕೆ: ಐದು ವರ್ಷದೊಳಗಿನ ಮಕ್ಕಳನ್ನು ಅಂಗೈ ಅಥವಾ ಮಣಿಕಟ್ಟು ಹಿಡಿದು ಎತ್ತಿ ತಿರುಗಿಸಬೇಡಿ. ಅವರ ಮೊಣಕೈ ಮೂಳೆ ಸುಲಭವಾಗಿ ಜಾರುತ್ತದೆ. ಎತ್ತುವುದಾದರೆ ಕಂಕುಳ ಕೆಳಗೆ ಹಿಡಿದು ಎತ್ತಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಲಾಗ ಹಾಕಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು, ಅವರ ಕುತ್ತಿಗೆಯ ಕೀಲು ಸಡಿಲವಾಗಿರಬಹುದು.

ಇನ್ನು ಕಣ್ಣು ಮುಚ್ಚಿ ಆಡುವ ಆಟಗಳು. ಕಣ್ಣು ಮುಚ್ಚಿದಾಗ ಮಿದುಳು ಸ್ನಾಯು ಮತ್ತು ಚರ್ಮದ ಮಾತಿಗೆ ಕಿವಿಗೊಡಲೇಬೇಕಾಗುತ್ತದೆ. "ಯಾವ ಬೆರಳು ಮುಟ್ಟಿದೆ ಹೇಳು" ಅಂತ ಕೇಳಬಹುದು. ಒಂದು ಕೈಯನ್ನು ನೀವು ಯಾವುದೋ ಭಂಗಿಯಲ್ಲಿ ಇಟ್ಟು, ಇನ್ನೊಂದು ಕೈಯನ್ನೂ ಹಾಗೇ ಇಡು ಅನ್ನಬಹುದು. ನನಗೆ ಬಹಳ ಇಷ್ಟವಾದದ್ದು ಬೆನ್ನ ಮೇಲೆ ಅಕ್ಷರ ಬರೆದು ಗುರುತಿಸುವ ಆಟ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಕಲಿಯುತ್ತಾರೆ, ಕನ್ನಡ ಬರೆಯುವ ಅವಕಾಶ ಕಡಿಮೆ. ಊರಿಂದ ಬಂದ ಅಜ್ಜಿ ಮೊಮ್ಮಗಳ ಬೆನ್ನ ಮೇಲೆ ನಿಧಾನವಾಗಿ ರ, ಠ, ಗ ಬರೆಯಲಿ. ಆಮೇಲೆ ಮೊಮ್ಮಗಳು ಅಜ್ಜಿಯ ಬೆನ್ನ ಮೇಲೆ ಬರೆಯಲಿ. ಮೈಯರಿವಿನ ಜೊತೆ ಕನ್ನಡವೂ ಬರುತ್ತದೆ.

ಒಂದು ರೂಮ್, ನಾಲ್ಕು ತಿಂಗಳ ಮಳೆ

ಇದೆಲ್ಲ ಸರಿ, ಜಾಗ ಎಲ್ಲಿದೆ ಅಂತ ಕೇಳುವವರ ಕಷ್ಟ ನಿಜವಾದದ್ದು. ಒಂದು ರೂಮ್-ಕಿಚನ್ ಮನೆ, ಕೆಳಗಿನ ಮನೆಯವರು ಸದ್ದಾದರೆ ಬೆಲ್ ಮಾಡುತ್ತಾರೆ, ಕಾಂಪೌಂಡ್ ತುಂಬ ಕಾರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆದರೆ ಮೈಯರಿವಿಗೆ ವಿಸ್ತಾರಕ್ಕಿಂತ ಬಲ ಮತ್ತು ಬಗೆ ಮುಖ್ಯ. ನಿಧಾನವಾಗಿ ಮಾಡುವ ಚಲನೆಗೆ ಸದ್ದೂ ಇಲ್ಲ, ಜಾಗವೂ ಬೇಕಿಲ್ಲ.

ಪ್ರಾಣಿಗಳ ನಡಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಅಂಗೈ, ಅಂಗಾಲು ನೆಲಕ್ಕಿಟ್ಟು ಸೊಂಟ ಮೇಲೆತ್ತಿ ಆನೆಯಾಗುವುದು. ಹಿಂದಕ್ಕೆ ಕೈ ಊರಿ, ಹೊಟ್ಟೆ ಮೇಲೆ ಮಾಡಿ, ಪಕ್ಕಕ್ಕೆ ಏಡಿಯಂತೆ ನಡೆಯುವುದು. ಮಂಚದ ಕೆಳಗಿನಿಂದ ತೆವಳಿ ಆ ಕಡೆ ಬರುವುದು. ಎರಡು ಖುರ್ಚಿ, ಒಂದು ಹಳೆ ಸೀರೆಯಿಂದ ಮಾಡಿದ ಸುರಂಗದಲ್ಲಿ ಸೀರೆಗೆ ಮೈ ತಾಗದಂತೆ ನುಸುಳುವುದು. ಈ ಕೊನೆಯದರಲ್ಲಿ ಮಗು ತನ್ನ ಬೆನ್ನಿನ ಎತ್ತರವನ್ನು ಅಳೆಯಲು ಕಲಿಯುತ್ತದೆ. ಬೆನ್ನು ಕಣ್ಣಿಗೆ ಕಾಣದ ಭಾಗ, ಆದ್ದರಿಂದ ಅಭ್ಯಾಸವೂ ಜಾಸ್ತಿ ಬೇಕು. ಟೈಲ್ಸ್ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನಡೆಯುವುದು, ತಲೆಯ ಮೇಲೆ ಮಡಚಿದ ಟವೆಲ್ ಇಟ್ಟು ಬೀಳಿಸದೆ ಅಡುಗೆಮನೆಗೆ ಹೋಗಿ ಬರುವುದು ಕೂಡ ಆಗುತ್ತದೆ. ಸಾಲು ಮನೆಗಳ ಚಾಳಿನಲ್ಲಿ ಇರುವವರಿಗೆ ಉದ್ದನೆಯ ಗ್ಯಾಲರಿಯೇ ಮೈದಾನ.

ಮನೆಯೊಳಗೆ ಮಕ್ಕಳು ಬರಿಗಾಲಿನಲ್ಲಿ ಇರಲಿ. ಅಂಗಾಲಿನ ಚರ್ಮದಲ್ಲಿ ಒತ್ತಡ ಗುರುತಿಸುವ ನರತುದಿಗಳು ತುಂಬ ಇವೆ. ದಪ್ಪ ಸಾಕ್ಸ್ ಅದನ್ನು ಮಂಕಾಗಿಸುತ್ತದೆ, ಜಾರುವುದೂ ಉಂಟು. ಗೋವಾದ ವಾಸ್ಕೊ, ಜುವಾರಿನಗರದ ಕಡೆ ಇರುವವರಿಗೆ, ಮುಂಬೈಯ ಜುಹು-ಗೋರಾಯಿಗೆ ಹೋಗಬಲ್ಲವರಿಗೆ ಮರಳು ಸಿಗುತ್ತದೆ. ಹೆಜ್ಜೆ ಇಟ್ಟಾಗಲೆಲ್ಲ ಕುಸಿಯುವ ಮರಳಿನ ಮೇಲೆ ನಡೆಯುವಾಗ ಕಣಕಾಲು ಸುಮ್ಮನಿರಲು ಆಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಮರಳಿಗೇ ನಿಲ್ಲಿ, ನೀರಿಗೆ ಇಳಿಸಬೇಡಿ.

ಎಷ್ಟು ಹೊತ್ತು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಲೆಕ್ಕ ಕೊಟ್ಟಿದೆ. ಇನ್ನೂ ಹರಿದಾಡದ ಹಸುಳೆಯನ್ನು ಎಚ್ಚರ ಇರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಹೊಟ್ಟೆಯ ಮೇಲೆ ಮಲಗಿಸಿ ಆಡಿಸಬೇಕು. ಒಂದರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ. ಮೂರು, ನಾಲ್ಕು ವರ್ಷದವರಿಗೆ ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟ ಇರಬೇಕು. ಒಂದೇ ಸಲ ಒಂದು ಗಂಟೆಗಿಂತ ಹೆಚ್ಚು ಕುರ್ಚಿಗೆ, ಸ್ಟ್ರಾಲರಿಗೆ ಕಟ್ಟಿ ಕೂರಿಸಬಾರದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ಚಟುವಟಿಕೆ ಬೇಕು ಎಂಬುದು 2020ರ ಸಲಹೆ.

180 ನಿಮಿಷ ಅಂದರೆ ಹೆದರಬೇಡಿ. ಅದು ದಿನವಿಡೀ ಹರಡಿದ ಲೆಕ್ಕ. ಮೆಟ್ಟಿಲು ಹತ್ತಿದ್ದು, ತರಕಾರಿ ಚೀಲ ಹೊತ್ತದ್ದು, ಬಸ್ ಸ್ಟಾಪಿಗೆ ನಡೆದದ್ದು ಎಲ್ಲ ಸೇರುತ್ತದೆ. ಟೈಮ್‌ಟೇಬಲ್ ಹಾಕಿ, "ಈಗ ಆ್ಯಕ್ಟಿವಿಟಿ ಟೈಮ್" ಅಂತ ಕೂರಿಸಿದರೆ ಆಟ ಹೋಗಿ ಹೋಮ್‌ವರ್ಕ್ ಆಗುತ್ತದೆ. ಮಗು ಎಡವಿದ ಕೂಡಲೇ ತಿದ್ದುವುದೂ ಬೇಡ. ಗೆರೆ ತಪ್ಪಿ, ತೂಕ ತಪ್ಪಿ, ಮತ್ತೆ ನಿಂತಾಗಲೇ ಮಿದುಳಿಗೆ ತಿದ್ದುಪಡಿಯ ಸುದ್ದಿ ಸಿಗುವುದು. ಬೀಳುವ ಜಾಗ ಮೆತ್ತಗಿದೆಯಾ, ಮೇಜಿನ ಮೂಲೆ ದೂರ ಇದೆಯಾ ಅಂತ ನೋಡಿಕೊಂಡು ನೀವು ಸ್ವಲ್ಪ ಹಿಂದೆ ನಿಂತರೆ ಸಾಕು.

ಆಟದಿಂದ ಏನು ಆಗುವುದಿಲ್ಲ

ಇದನ್ನು ಹೇಳಲೇಬೇಕು, ಯಾಕೆಂದರೆ ಮಾರುವವರು ಬಹಳ ಜನ ಇದ್ದಾರೆ. ಕೆಲವು ವ್ಯಾಯಾಮ ಮಾಡಿದರೆ ಎಡ-ಬಲ ಮಿದುಳು ಜೋಡಣೆಯಾಗಿ ಮಗು ಲೆಕ್ಕದಲ್ಲಿ ಮುಂದೆ ಬರುತ್ತದೆ ಎಂಬ ಜಾಹೀರಾತಿಗೆ ಗಟ್ಟಿ ಪುರಾವೆ ಇಲ್ಲ. ಇಂದ್ರಿಯಗಳ ಸುದ್ದಿಯನ್ನು ಮಿದುಳು ಕೂಡಿಸುವ ಬಗೆಗೂ ಕಲಿಕೆಗೂ ಸಂಬಂಧ ಇದೆ ಎಂಬ ವಿಚಾರವನ್ನು ಮುಂದಿಟ್ಟವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ತಾವಾಗಿ ಮಾಡಿಕೊಳ್ಳಲು ನೆರವಾಗುವ ಥೆರಪಿಸ್ಟ್) ಜೀನ್ ಏರ್ಸ್. ಸೆನ್ಸರಿ ಇಂಟಿಗ್ರೇಷನ್ ಥೆರಪಿ ಅಲ್ಲಿಂದ ಬಂತು. ಕೆಲವು ಮಕ್ಕಳಿಗೆ ಅದು ನೆರವಾಗುತ್ತದೆ. ಆದರೆ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2012ರಲ್ಲಿ ಎರಡು ಮಾತು ಹೇಳಿತು: ಈ ಥೆರಪಿಯ ಬಗ್ಗೆ ಸಂಶೋಧನೆ ಇನ್ನೂ ಸಾಲದು ಎಂಬುದನ್ನು ಪೋಷಕರಿಗೆ ತಿಳಿಸಬೇಕು, ಮತ್ತು ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್ (ಇಂದ್ರಿಯಗಳ ಸುದ್ದಿ ಕೂಡಿಸುವುದರಲ್ಲಿನ ತೊಂದರೆ) ಎಂಬುದನ್ನು ಒಂದು ಪ್ರತ್ಯೇಕ ಕಾಯಿಲೆಯಾಗಿ ಬರೆದುಕೊಡಬಾರದು. ಆದ್ದರಿಂದ ಒಂದು ವರ್ಷದ ಪ್ಯಾಕೇಜಿಗೆ ಹಣ ಕಟ್ಟುವ ಮೊದಲು ಗುರಿ ಏನು ಅಂತ ಕೇಳಿ. "ಮೂರು ತಿಂಗಳಲ್ಲಿ ಮಗು ತಾನಾಗಿ ಅಂಗಿ ಗುಂಡಿ ಹಾಕಿಕೊಳ್ಳಬೇಕು" ಎಂಬುದು ಗುರಿ. "ಸೆನ್ಸರಿ ಸುಧಾರಿಸಬೇಕು" ಎಂಬುದನ್ನು ಯಾರೂ ಅಳೆಯಲಾರರು.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು

ಎಡವುವುದು, ಡಿಕ್ಕಿ ಹೊಡೆಯುವುದು, ಹಾಲು ಚೆಲ್ಲುವುದು ಚಿಕ್ಕ ಮಕ್ಕಳ ಸಹಜ ಸ್ವಭಾವ. ಆದರೆ ಶಾಲಾ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 5-6 ಮಂದಿಗೆ ಚಲನೆ ಹೊಂದಿಸುವುದರಲ್ಲೇ ತೊಂದರೆ ಇರುತ್ತದೆ. ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎನ್ನುತ್ತಾರೆ. ಈ ಮಕ್ಕಳು ಬುದ್ಧಿಯಲ್ಲಿ ಹಿಂದಿಲ್ಲ, ಸೋಮಾರಿಗಳೂ ಅಲ್ಲ. ಗುಂಡಿ, ಚಮಚ, ಸೈಕಲ್, ಬರವಣಿಗೆ ಎಲ್ಲದರಲ್ಲೂ ವಯಸ್ಸಿಗಿಂತ ಬಹಳ ಹಿಂದೆ ಇದ್ದು, ದಿನದ ಕೆಲಸಕ್ಕೇ ಅಡ್ಡಿಯಾಗುತ್ತಿದ್ದರೆ ತೋರಿಸಿ.

ಕೆಲವು ಲಕ್ಷಣಗಳನ್ನು ಕಂಡರೆ ಆಟದಿಂದ ಸರಿಹೋಗುತ್ತದೆ ಅಂತ ಕಾಯಬಾರದು. ಹದಿನೆಂಟು ತಿಂಗಳಾದರೂ ನಡೆಯದಿರುವುದು. ಒಂದು ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿ ಇನ್ನೊಂದನ್ನು ಬಿಟ್ಟುಬಿಡುವುದು. ಬರುತ್ತಿದ್ದ ಕೆಲಸ ಬಾರದಂತಾಗುವುದು. ನೆಲದಿಂದ ಏಳುವಾಗ ತನ್ನ ಮೊಣಕಾಲು, ತೊಡೆಯ ಮೇಲೆ ಕೈ ಊರಿ ಊರಿ ಹತ್ತಿದ ಹಾಗೆ ಏಳುವುದು. ಈ ಕೊನೆಯದು ಸ್ನಾಯುಗಳ ಕಾಯಿಲೆಯ ಗುರುತಾಗಿರಬಹುದು, ತಡಮಾಡದೆ ಮಕ್ಕಳ ಡಾಕ್ಟರನ್ನು ಕಾಣಿ.

ದುಡ್ಡಿನ ಚಿಂತೆ ಇರುವವರಿಗೆ ದಾರಿ ಇದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತಾರೆ. ಅಂಗನವಾಡಿ ಅಥವಾ ಸರಕಾರಿ ಶಾಲೆಯಲ್ಲಿ ಕೇಳಿದರೆ ತಿಳಿಯುತ್ತದೆ. ಮುಂಬೈನವರಿಗೆ ಪರೇಲ್‌ನ ಕೆಇಎಂ ಆಸ್ಪತ್ರೆ ಇದೆ. ಆಕ್ಯುಪೇಷನಲ್ ಥೆರಪಿ ಕಲಿಸುವ ದೇಶದ ಮೊದಲ ಶಾಲೆಯನ್ನು ಕಮಲಾ ನಿಂಬಕರ್ 1950ರಲ್ಲಿ ಶುರುಮಾಡಿದ್ದು ಅಲ್ಲೇ. ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜ್ ಆಸ್ಪತ್ರೆ ಇವೆ. ಹೋಗುವಾಗ ಮಗು ಮೆಟ್ಟಿಲು ಹತ್ತುವ, ನೆಲದಿಂದ ಏಳುವ, ಊಟ ಮಾಡುವ ಪುಟ್ಟ ವಿಡಿಯೋಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಹೊಸ ಜಾಗದಲ್ಲಿ ಮಕ್ಕಳು ಅಮ್ಮನ ಮಡಿಲು ಬಿಟ್ಟು ಇಳಿಯುವುದಿಲ್ಲ. ಆಗ ಡಾಕ್ಟರಿಗೆ ನೋಡಲು ಸಿಗುವುದು ಆ ವಿಡಿಯೋ ಮಾತ್ರ. ಟೀಚರ್ ಏನು ಗಮನಿಸಿದರು, ಯಾವ ಆಟದಲ್ಲಿ ಗಮನಿಸಿದರು ಅಂತಲೂ ಎರಡು ಸಾಲು ಬರೆಸಿಕೊಳ್ಳಿ.